ಪ್ರಾಕ್ಸಿಗೆ ಸೇರಿಸಿದ ಒಂದು ಸಾಲು

ಜೆ.ಪಿ. ನಗರದ ಆ ಕಚೇರಿಯ ಬೀಗ ತೆಗೆಯುತ್ತಿದ್ದವನು ನಿಂಗರಾಜ. ಬೆಳಿಗ್ಗೆ ಆರೂವರೆಗೆಲ್ಲ ಬಂದುಬಿಡುತ್ತಿದ್ದ. ಇಂಗ್ಲೆಂಡಿನ ಒಂದು ಪ್ರಕಾಶನ ಸಂಸ್ಥೆಯ ವೈದ್ಯಕೀಯ ಪಠ್ಯಪುಸ್ತಕಗಳಿಗೆ ಪುಟ ಜೋಡಿಸಿಕೊಡುವ ಕಂಪನಿ ಅದು. ಪುಸ್ತಕದ ಚಿತ್ರಗಳು, ಸ್ಕ್ಯಾನ್ ಮಾಡಿದ ಹಾಳೆಗಳು ಎಲ್ಲ ಒಂದೊಂದೇ ದೊಡ್ಡ ಫೈಲಿನಲ್ಲಿ ಕಟ್ಟಿಕೊಂಡು ಇಂಗ್ಲೆಂಡಿನ ಸರ್ವರಿನಲ್ಲಿರುತ್ತಿದ್ದವು. ಒಂದು ಫೈಲೆಂದರೆ ಐನೂರು ಎಂ.ಬಿ.ಗೆ ಕಡಿಮೆಯಿಲ್ಲ. ಅದು ಎರಡು ಸಾವಿರದ ನಾಲ್ಕನೇ ಇಸವಿ. ಕಚೇರಿಗಿದ್ದ ಲೈನಿನಲ್ಲಿ ಅಂಥದ್ದೊಂದು ಇಳಿಯಲು ಒಂಬತ್ತು ತಾಸು ಬೇಕಾಗುತ್ತಿತ್ತು. ಅದೂ ನಡುವೆ ಲೈನ್ ಕಡಿಯದಿದ್ದರೆ. ಕಡಿದರೆ ಮತ್ತೆ ಸೊನ್ನೆಯಿಂದ.

ಕಚೇರಿಯ ನಲವತ್ತು ಕಂಪ್ಯೂಟರುಗಳಲ್ಲಿ ಯಾವುದೂ ನೇರವಾಗಿ ಇಂಟರ್ನೆಟ್ಟಿಗೆ ಹೋಗುವಂತಿರಲಿಲ್ಲ. ಎಲ್ಲವೂ ಗಾಜಿನ ಕೋಣೆಯಲ್ಲಿದ್ದ ಪ್ರಾಕ್ಸಿ ಎಂಬ ಒಂದು ಯಂತ್ರವನ್ನು ಕೇಳಬೇಕು, ಅದು ಹೊರಗಿನಿಂದ ತಂದುಕೊಡಬೇಕು. ಆ ಪ್ರಾಕ್ಸಿಯ ಒಳಗೆ ಹೋಗಿ ಅದರ ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡ್ ಇದ್ದದ್ದು ನಿಂಗರಾಜನೊಬ್ಬನ ಬಳಿ. ಹೀಗಾಗಿ ದೊಡ್ಡ ಫೈಲುಗಳನ್ನು ಇಳಿಸುವುದು ಅವನದೇ ಕೆಲಸವಾಗಿತ್ತು. ಎಲ್ಲರೂ ಬರುವ ಮುಂಚೆ ಬ್ರೌಸರಿನಲ್ಲಿ ಫೈಲು ಹಚ್ಚಿ, ನೀಲಿ ಪಟ್ಟಿ ತುಂಬುವುದನ್ನು ನೋಡುತ್ತ ಆ ಕೋಣೆಯಲ್ಲೇ ಕೂರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಶಿವರಾಮ್ ಕೋಣೆಗೆ ತಲೆ ಹಾಕಿ ಕೇಳುತ್ತಿದ್ದರು: "ಏನ್ರೀ ನಿಂಗರಾಜ್, ಫೈಲ್ ಬಂತಾ?"

"ಎಪ್ಪತ್ತು ಪರ್ಸೆಂಟ್ ಆಗೇತಿ ಸರ್."

"ನೀವಿಲ್ದಿದ್ರೆ ನಮ್ ಗತಿ ಏನ್ರೀ!"

ದಿನಕ್ಕೆ ಹತ್ತು ಜನರಾದರೂ ಅದೇ ಪ್ರಶ್ನೆ ಕೇಳುತ್ತಿದ್ದರು. ನಿಂಗರಾಜನಿಗೆ ಅದು ಸಂಬಳಕ್ಕಿಂತ ಹಿತವಾಗಿತ್ತು.

ಅವನ ಹೆಂಡತಿ ರಾಜಶ್ರೀ ಅದೇ ಕಚೇರಿಯಲ್ಲಿ ಪುಟಗಳನ್ನು ತಿದ್ದುವ ವಿಭಾಗದಲ್ಲಿದ್ದಳು. ಇಬ್ಬರೂ ಮುಧೋಳದ ಕಡೆಯವರು. ಮದುವೆಯಾಗಿ ಮೂರು ವರ್ಷ, ಬಿ.ಟಿ.ಎಂ. ಲೇಔಟಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಅವಳನ್ನು ಆ ಕೆಲಸಕ್ಕೆ ಸೇರಿಸಿದವನೂ ನಿಂಗರಾಜನೇ. ಮೌಸ್ ಹಿಡಿಯುವುದನ್ನು ತಾನೇ ಕಲಿಸಿದ್ದೆನೆಂದು ಊರಿನಿಂದ ಯಾರೇ ಬಂದರೂ ಹೇಳುತ್ತಿದ್ದ. ರಾಜಶ್ರೀ ನಕ್ಕು ಸುಮ್ಮನಾಗುತ್ತಿದ್ದಳು.

ಪುಟ ತಿದ್ದುವವರು ಸಾವಿರಾರು ಸಾಲುಗಳಲ್ಲಿ ಒಂದೇ ಬಗೆಯ ತಪ್ಪು ಬಂದರೆ ಕೈಯಲ್ಲಿ ಸರಿ ಮಾಡುವುದಿಲ್ಲ. ಪರ್ಲ್ ಎಂಬ ಭಾಷೆಯಲ್ಲಿ ನಾಲ್ಕೈದು ಸಾಲಿನ ಸ್ಕ್ರಿಪ್ಟ್, ಅಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳನ್ನು, ಬರೆದು ಓಡಿಸುತ್ತಾರೆ. ರಾಜಶ್ರೀ ಅದನ್ನು ಪಕ್ಕದ ಮೇಜಿನ ಶ್ವೇತಳನ್ನು ನೋಡಿ ಕಲಿತಳು. ಆಮೇಲೆ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಿಂದ ಪರ್ಲ್ ಕಲಿಸುವ ಒಂದು ಹಳೆಯ ಪುಸ್ತಕ ತಂದು, ಬಸ್ಸಿನಲ್ಲಿ ನಿಂತುಕೊಂಡೇ ಓದತೊಡಗಿದಳು. ಆ ಬೇಸಿಗೆಯಲ್ಲಿ ಒಂದು ಸಂಜೆ ಅಡುಗೆಮನೆಯಿಂದಲೇ ಕೇಳಿದಳು.

"ರೀ, ಪ್ರಾಕ್ಸಿ ನಾನೂರ ಏಳು ಅಂತ ಎರರ್ ಕೊಡಾಕತ್ತೈತಿ. ಹಂಗಂದ್ರ ಏನ್ರಿ?"

ಅದು ಕಚೇರಿಯ ಪ್ರತಿಯೊಬ್ಬರಿಗೂ ಕೊಟ್ಟಿದ್ದ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತಿದೆ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ನಿಂಗರಾಜ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ.

"ಅದು ಸರ್ವರ್ ಮ್ಯಾಟರ್. ನಿನಗ ತಿಳಿಯೂದಿಲ್ಲ ಬಿಡು."

ರಾಜಶ್ರೀ ಮತ್ತೆ ಕೇಳದೆ ಪುಸ್ತಕದಲ್ಲೇ ಉತ್ತರ ಹುಡುಕಿಕೊಂಡಳು.

ಎರಡು ವಾರದ ನಂತರ ಅಂಗರಚನೆಯ ದೊಡ್ಡದೊಂದು ಪುಸ್ತಕದ ಕೆಲಸ ಬಂತು. ಎಂಟು ಫೈಲು. ಮೊದಲನೆಯದನ್ನು ನಿಂಗರಾಜ ಹಚ್ಚಿದ ದಿನವೇ ಮೂರು ಸಲ ಲೈನ್ ಹೋಯಿತು. ಮೂರನೇ ಸಲ ಹೋದಾಗ ಪಟ್ಟಿ ತೊಂಬತ್ತೊಂದಕ್ಕೆ ಬಂದು ನಿಂತಿತ್ತು. ಶಿವರಾಮ್ ಹಣೆ ಹಿಡಿದುಕೊಂಡು ನಿಂತಿದ್ದಾಗ ರಾಜಶ್ರೀ ಗಾಜಿನ ಬಾಗಿಲು ತಳ್ಳಿ ಬಂದಳು.

"ಸರ್, ನಾನೊಂದು ಸ್ಕ್ರಿಪ್ಟ್ ಬರೆದೀನಿ. ಟ್ರೈ ಮಾಡಬಹುದೇನ್ರಿ?"

ಇಡೀ ಫೈಲನ್ನು ಒಮ್ಮೆಲೇ ಕೇಳದೆ, ಐದೈದು ಎಂ.ಬಿ.ಯ ತುಂಡುಗಳಾಗಿ ಪ್ರಾಕ್ಸಿಯ ಮೂಲಕ ಕೇಳುವ ಸ್ಕ್ರಿಪ್ಟ್ ಅದು. ಒಂದು ತುಂಡು ಬಂದರೆ ಡಿಸ್ಕಿನಲ್ಲಿಟ್ಟು ಮುಂದಿನದನ್ನು ಕೇಳುತ್ತದೆ. ಲೈನ್ ಹೋದರೆ ಕಾಯುತ್ತದೆ. ಬಂದ ಮೇಲೆ ನಿಂತಲ್ಲಿಂದಲೇ ಶುರು. ನೂರು ತುಂಡೂ ಬಂದ ಮೇಲೆ ಜೋಡಿಸಿ ಒಂದು ಮಾಡುತ್ತದೆ. ಒಟ್ಟು ನಲವತ್ತು ಸಾಲು. ಅವಳು ಮರುದಿನ ಹತ್ತು ಗಂಟೆಗೆ ಅದನ್ನು ಹಚ್ಚಿ ತನ್ನ ಮೇಜಿಗೆ ಹೋಗಿ ಪುಟ ತಿದ್ದುತ್ತ ಕುಳಿತಳು. ಒಮ್ಮೆಯೂ ಎದ್ದು ಬಂದು ನೋಡಲಿಲ್ಲ. ಆ ದಿನ ಎರಡು ಸಲ ಲೈನ್ ಹೋಗಿ ಬಂತು. ಅದರ ಮರುದಿನ ಬೆಳಿಗ್ಗೆ ನಿಂಗರಾಜ ಬೀಗ ತೆಗೆದಾಗ ಫೈಲು ಪೂರ್ತಿ ಬಂದು ಬಿದ್ದಿತ್ತು. ತೆರೆದು ನೋಡಿದ. ಎಲ್ಲ ಚಿತ್ರಗಳೂ ಸರಿಯಾಗಿದ್ದವು. ಎಲ್ಲಾದರೂ ಒಂದು ಕೆಟ್ಟಿರಬಹುದೆಂದು ಕೊನೆಯವರೆಗೂ ನೋಡಿದ.

ಶಿವರಾಮ್ ಎಲ್ಲರನ್ನೂ ಕರೆದು ನಿಲ್ಲಿಸಿದರು. "ನೋಡ್ರಪ್ಪಾ, ಎರಡು ವರ್ಷದಿಂದ ಪಟ್ಟ ಪಾಡು. ಇವ್ರು ನಲವತ್ತು ಸಾಲಲ್ಲಿ ಮುಗ್ಸಿದ್ರು. ಸಖತ್ ಕೆಲಸ ಮೇಡಂ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಿಂಗರಾಜನೂ ತಟ್ಟಿದ. ಶ್ವೇತ ಅವನ ಕಡೆ ತಿರುಗಿ, "ಏನ್ ಸಾರ್, ಇನ್ಮೇಲೆ ಆರಾಮಾಗಿ ನಿದ್ದೆ ಮಾಡ್ಬೋದು" ಎಂದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ಅದು ಅವನಿಗೆ ಇಡೀ ದಿನ ಚುಚ್ಚುತ್ತಿತ್ತು.

ಅಂದಿನಿಂದ ಯಾರೂ ಅವನ ಕೋಣೆಗೆ ಬಂದು ಫೈಲ್ ಬಂತಾ ಎಂದು ಕೇಳಲಿಲ್ಲ. ಪ್ರಶ್ನೆ ಈಗ ರಾಜಶ್ರೀಯ ಮೇಜಿಗೆ ಹೋಗುತ್ತಿತ್ತು. ಗಾಜಿನ ಆಚೆಗೆ ಜನ ಅವಳ ಸುತ್ತ ಬಾಗಿ ನಿಲ್ಲುವುದು, ಅವಳು ಪರದೆಗೆ ಬೆರಳು ತೋರಿಸಿ ಏನೋ ವಿವರಿಸುವುದು, ಶಿವರಾಮ್ ತಲೆಯಾಡಿಸುವುದು ಅವನಿಗೆ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಯಾವ ಯಂತ್ರ ಏನು ಕೇಳಿತೆಂದು ಬರೆದಿಡುವ ಪ್ರಾಕ್ಸಿಯ ಲಾಗ್ ತೆರೆದರೆ ಅಲ್ಲೂ ಅವಳ ಯಂತ್ರದ್ದೇ ಸಾಲುಗಳು, ಒಂದರ ಕೆಳಗೊಂದು, ಐದು ಎಂ.ಬಿ., ಐದು ಎಂ.ಬಿ. ತಪ್ಪೊಂದಾದರೂ ಸಿಗುತ್ತದೆಯೇ ಎಂದು ಅವನು ಅವನ್ನು ಹುಡುಕಿ ಹುಡುಕಿ ಓದಿದ.

ಮನೆಯಲ್ಲಿ ರೊಟ್ಟಿ ದಪ್ಪವಾಯಿತು ಎಂದ. ಪಲ್ಲೆಗೆ ಉಪ್ಪಿಲ್ಲ ಎಂದ. ಊರಿನಿಂದ ಮಾವ ಫೋನ್ ಮಾಡಿ, "ನಮ್ಮ ಹುಡುಗಿ ಏನೋ ದೊಡ್ಡ ಕೆಲಸ ಮಾಡ್ಯಾಳಂತ?" ಎಂದಾಗ, "ಅದೇನ್ ದೊಡ್ಡದ್ರಿ, ಇಂಟರ್ನೆಟ್ಟಿನ್ಯಾಗ ಇಂಥಾವು ಭಾಳ ಸಿಗ್ತಾವು" ಎಂದುಬಿಟ್ಟ. ರಾಜಶ್ರೀ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು. ಕೈ ಒಂದು ಕ್ಷಣ ನಿಂತಿತು, ಮತ್ತೆ ಮಡಚತೊಡಗಿತು.

ಮುಂದಿನ ಸೋಮವಾರ ಶಿವರಾಮ್ ಇನ್ನೊಂದು ಮಾತು ಹೇಳಿದರು. ಎಲ್ಲ ಪುಸ್ತಕಗಳ ಫೈಲು ತರಿಸುವ ಜವಾಬ್ದಾರಿ ರಾಜಶ್ರೀಗೆ ಕೊಡುವ ಯೋಚನೆಯಿದೆ. ಗಾಜಿನ ಕೋಣೆಯಲ್ಲಿ ಇನ್ನೊಂದು ಕುರ್ಚಿ ಹಾಕಿಸುತ್ತೇನೆ. "ನಿಮ್ಗೂ ಖುಷಿ ಅಲ್ವಾ ನಿಂಗರಾಜ್?"

"ಹೌದು ಸರ್, ಭಾಳ ಖುಷಿ."

ಮಂಗಳವಾರ ಬೆಳಿಗ್ಗೆ ಒಬ್ಬನೇ ಇದ್ದಾಗ ನಿಂಗರಾಜ ಪ್ರಾಕ್ಸಿಯ ಸೆಟ್ಟಿಂಗ್ ಫೈಲ್ ತೆರೆದ. ಅದರಲ್ಲಿ ಎಂಥದ್ದೊಂದು ಸಾಲು ಹಾಕಬಹುದೆಂದು ಅವನಿಗೆ ಗೊತ್ತಿತ್ತು. ಹಿಂದಿನ ದಿನವೆಲ್ಲ ಅದರ ಬಗ್ಗೆಯೇ ಓದಿದ್ದ. ಯಾರಾದರೂ ಫೈಲಿನ ಒಂದು ತುಂಡು ಕೇಳಿದರೂ ಪ್ರಾಕ್ಸಿ ಪ್ರತಿ ಸಲ ಫೈಲನ್ನು ಮೊದಲಿನಿಂದಲೇ ತರುತ್ತ ಬರುವಂತೆ ಮಾಡುವ ಸಾಲು. ಇಡೀ ಫೈಲು ಕೇಳುವ ಬ್ರೌಸರಿಗೆ ಅದರಿಂದ ಏನೂ ಆಗುವುದಿಲ್ಲ. ತುಂಡು ಕೇಳುವ ಸ್ಕ್ರಿಪ್ಟ್ ಮಾತ್ರ ಕುಂಟುತ್ತದೆ. ಎಲ್ಲಕ್ಕಿಂತ ಕೆಳಗೆ ಆ ಸಾಲು ಸೇರಿಸಿ, ಪ್ರಾಕ್ಸಿಯನ್ನು ಹೊಸದಾಗಿ ಶುರು ಮಾಡಿ, ಕೆಳಗೆ ಹೋಗಿ ಟೀ ಕುಡಿದು ಬಂದ.

ಆ ದಿನ ರಾಜಶ್ರೀ ಹಚ್ಚಿದ ಮೂರನೇ ಫೈಲು ಮಧ್ಯಾಹ್ನದ ಹೊತ್ತಿಗೆ ಆಮೆಯಂತೆ ತೆವಳತೊಡಗಿತು. ಲೈನೆಲ್ಲ ತುಂಬಿಹೋಗಿ ಬೇರೆಯವರ ಇಮೇಲೂ ನಿಂತಿತು. ಬುಧವಾರವೂ ಅದೇ. ಇಂಗ್ಲೆಂಡಿನಿಂದ ಬಂದ ಪತ್ರವೊಂದು ಆರು ತಾಸು ತಡವಾಗಿ ಸಿಕ್ಕಿದ್ದಕ್ಕೆ ಗಿರಾಕಿ ಫೋನಿನಲ್ಲಿ ಶಿವರಾಮ್‌ಗೆ ಬೈದ. ಅವರು ನೇರವಾಗಿ ರಾಜಶ್ರೀಯ ಮೇಜಿಗೆ ಬಂದರು.

"ಮೇಡಂ, ನಿಮ್ ಸ್ಕ್ರಿಪ್ಟ್ ಇಡೀ ಲೈನ್ ತಿಂತಾ ಇದೆ. ದಯವಿಟ್ಟು ನಿಲ್ಸಿ. ನಿಂಗರಾಜ್, ನೀವು ಹಳೇ ಥರಾನೇ ತರಿಸ್ರೀ."

ಗುರುವಾರ ನಿಂಗರಾಜ ಬ್ರೌಸರಿನಲ್ಲಿ ಹಚ್ಚಿದ. ಅದೃಷ್ಟಕ್ಕೆ ಅಂದು ಲೈನ್ ಒಮ್ಮೆಯೂ ಕಡಿಯಲಿಲ್ಲ. ಸಂಜೆ ನಾಲ್ಕಕ್ಕೆ ಫೈಲು ಬಂದಿತ್ತು. "ಕೊನೇಗೂ ನೀವೇ ಬೇಕಾಯ್ತು ನೋಡಿ" ಎಂದು ಶಿವರಾಮ್ ಬೆನ್ನು ತಟ್ಟಿದರು. ಎಷ್ಟೋ ದಿನದ ಮೇಲೆ ನಿಂಗರಾಜನ ಎದೆ ಹಗುರವಾಯಿತು. ಗಾಜಿನಾಚೆ ನೋಡಿದ. ರಾಜಶ್ರೀ ಊಟದ ಡಬ್ಬಿಯನ್ನು ತೆರೆದೇ ಇರಲಿಲ್ಲ. ಪುಸ್ತಕದಲ್ಲಿ ಮುಖವಿಟ್ಟು ಕುಳಿತಿದ್ದಳು. ಅವಳನ್ನು ಹಾಗೆ ನೋಡಿ ಸಂಕಟವಾಗಬೇಕಿತ್ತು. ಆಗಲಿಲ್ಲ.

ಆದರೆ ಅವಳು ಬಿಟ್ಟುಕೊಡುವವಳಲ್ಲ. ಶುಕ್ರವಾರ ಊಟದ ಹೊತ್ತಿನಲ್ಲಿ, ಬೇರೆ ಯಾರಿಗೂ ಲೈನ್ ಬೇಡವಾದ ಒಂದು ತಾಸು, ಸ್ಕ್ರಿಪ್ಟನ್ನು ನಾಲ್ಕೇ ತುಂಡಿಗೆ ಓಡಿಸಿ, ಪ್ರತಿ ತುಂಡಿಗೆ ಹಿಡಿದ ಸಮಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು. ಅವತ್ತು ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮುಂಚೆ ಚೀಟಿಯನ್ನು ಗಂಡನ ಮುಂದೆ ಹಿಡಿದಳು. ಮುಖ ಹೊಳೆಯುತ್ತಿತ್ತು.

"ನೋಡ್ರಿ ಇಲ್ಲಿ. ಮೊದಲನೇದಕ್ಕ ಐದೂವರೆ ನಿಮಿಷ. ಎರಡನೇದಕ್ಕ ಹನ್ನೊಂದು. ಮೂರನೇದಕ್ಕ ಹದಿನಾರೂವರೆ. ನಾಕನೇದಕ್ಕ ಇಪ್ಪತ್ತೆರಡು. ತಿಳೀತೇನ್ರಿ?"

ನಿಂಗರಾಜನಿಗೆ ತಿಳಿದಿತ್ತು. "ಏನದು?"

"ನಾಕನೇ ತುಂಡು ಕೇಳಿದ್ರ ಯಾರೋ ಮೊದಲನೇದರಿಂದ ನಾಕೂ ತರಾಕತ್ತಾರ! ನನ್ನ ಸ್ಕ್ರಿಪ್ಟಿಂದು ತಪ್ಪಲ್ಲ. ಅವರ ಸರ್ವರ್ ಬದಲಿ ಮಾಡ್ಯಾರೋ, ಇಲ್ಲಾ ನಮ್ಮ ಪ್ರಾಕ್ಸಿ ಒಳಗ ಏನೋ ಆಗೇತಿ. ನೀವೇನರ ಮುಟ್ಟೀರೇನ್ರಿ?"

"ಇಲ್ಲ. ಪ್ರಾಕ್ಸಿ ಸರಿ ಐತಿ."

"ಹಂಗಾದ್ರ ಅವರ ಸರ್ವರಿಂದೇ ತಪ್ಪು" ಎಂದು ಅವಳು ಆ ಕ್ಷಣವೇ ನಂಬಿಬಿಟ್ಟಳು. ಚಹಾಕ್ಕಿಡಲು ಒಳಗೆ ಹೋದಳು. ಆ ನಂಬಿಕೆ ನಿಂಗರಾಜನನ್ನು ಮೊದಲ ಬಾರಿಗೆ ಕುಟುಕಿತು. ಅನುಮಾನ ಪಟ್ಟಿದ್ದರೆ ಜಗಳವಾಡಬಹುದಿತ್ತು. ಶನಿವಾರ ಬೇಗ ಹೋಗಿ ಆ ಸಾಲನ್ನು ತೆಗೆದುಬಿಡೋಣ ಎಂದುಕೊಂಡ. ಆದರೆ ತೆಗೆದ ಕೂಡಲೇ ಸ್ಕ್ರಿಪ್ಟ್ ಓಡುತ್ತದೆ. ಮತ್ತೆ ಚಪ್ಪಾಳೆ, ಮತ್ತೆ ಅವಳ ಮೇಜಿನ ಸುತ್ತ ಜನ. ಬೆಳಿಗ್ಗೆ ಹೋದ, ಫೈಲು ತೆರೆದ, ನೋಡಿದ, ಹಾಗೇ ಮುಚ್ಚಿದ.

ಹತ್ತು ಗಂಟೆಗೆ ರಾಜಶ್ರೀ ಚೀಟಿಯನ್ನು ಶಿವರಾಮ್‌ಗೆ ತೋರಿಸಿದಳು. ಅವರು ಇಂಗ್ಲೆಂಡಿಗೆ ಫೋನ್ ಮಾಡುವಂತಿರಲಿಲ್ಲ. ಅಲ್ಲಿನ್ನೂ ಬೆಳಗಾಗಿರಲಿಲ್ಲ, ಮೇಲಾಗಿ ಅಲ್ಲಿ ಶನಿವಾರ ರಜೆ. "ಮೊದ್ಲು ನಮ್ದು ನೋಡೋಣ" ಎಂದು ಇಬ್ಬರನ್ನೂ ಗಾಜಿನ ಕೋಣೆಗೆ ಕರೆದರು. "ನಿಂಗರಾಜ್, ಪ್ರಾಕ್ಸಿ ಸೆಟ್ಟಿಂಗ್ ಓಪನ್ ಮಾಡ್ರೀ. ಮೇಡಂ ಒಂದ್ಸಲ ನೋಡ್ಲಿ."

ಇಲ್ಲವೆನ್ನುವಂತಿರಲಿಲ್ಲ. ನಿಂಗರಾಜ ಪಾಸ್‌ವರ್ಡ್ ಹೊಡೆದ. ಮೊದಲ ಸಲ ತಪ್ಪಾಯಿತು, ಎರಡನೇ ಸಲ ತೆರೆಯಿತು. ರಾಜಶ್ರೀ ಅವನ ಭುಜದ ಹಿಂದೆ ನಿಂತು ಓದತೊಡಗಿದಳು. ಆ ಫೈಲಿನಲ್ಲಿ ಪ್ರತಿ ಸೆಟ್ಟಿಂಗಿನ ಮೇಲೂ ವಿವರಣೆ ಬರೆದಿರುತ್ತದೆ. ಅವಳು ಅವಸರವಿಲ್ಲದೆ ಒಂದೊಂದನ್ನೂ ಓದಿದಳು. ಕೊಟ್ಟಕೊನೆಗೆ, ವಿವರಣೆಯೇ ಇಲ್ಲದ ಆ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಏನಾದ್ರೂ ಸಿಕ್ತಾ ಮೇಡಂ?"

"ಈ ಸಾಲು ತೆಗೀಬೇಕು ಸರ್."

"ಯಾರ್ ಹಾಕಿದ್ದು ಇದನ್ನ?"

ರಾಜಶ್ರೀ ಗಂಡನ ಕಡೆ ನೋಡಲಿಲ್ಲ. ಪರದೆಯನ್ನೇ ನೋಡುತ್ತ ನಿಂತಳು.

"ಅದು... ಹಳೇ ಸೆಟ್ಟಿಂಗ್ ಸರ್. ಮೊದಲಿಂದ ಇತ್ತು" ಎಂದ ನಿಂಗರಾಜ.

"ಹೌದಾ? ಹೋಗ್ಲಿ, ತೆಗೀರಿ."

ತೆಗೆದ. ಮಧ್ಯಾಹ್ನದ ಹೊತ್ತಿಗೆ ಸ್ಕ್ರಿಪ್ಟ್ ಮೊದಲಿನಂತೆ ಓಡುತ್ತಿತ್ತು. ಜನ ಮತ್ತೆ ಅವಳ ಮೇಜಿಗೆ ಬಂದು ಶಹಬ್ಬಾಸ್ ಎಂದರು. ಅವಳು ಯಾರ ಮಾತಿಗೂ ನಗಲಿಲ್ಲ.

ಆ ದಿನ ಹಿಂತಿರುಗುವಾಗ ರಿಂಗ್ ರೋಡಿನ ಬಸ್ಸಿನಲ್ಲಿ ಅವಳು ಮುಂದೆ, ಅವನು ಹಿಂದೆ. ಜಯದೇವ ಆಸ್ಪತ್ರೆಯ ಹತ್ತಿರ ಫ್ಲೈಓವರ್ ಕೆಲಸಕ್ಕೆ ರಸ್ತೆ ಅಗೆದು ಬಸ್ಸು ಅರ್ಧ ತಾಸು ನಿಂತಿತು. ಅದು ಮತ್ತೆ ಹೊರಡುವ ಹೊತ್ತಿಗೆ ಅವಳು ಇಳಿದು ನಡೆದಳು. ಅವನು ಮನೆಗೆ ಬಂದು ಕಾದ. ಬಂದವಳು ಕೈಕಾಲು ತೊಳೆದು, ಅವನ ಎದುರಿನ ಕುರ್ಚಿಯಲ್ಲಿ ಕುಳಿತಳು.

"ಯಾವತ್ತು ಹಾಕಿದ್ರಿ?"

"ಮಂಗಳವಾರ."

"ನಿನ್ನೆ ನಾ ಚೀಟಿ ತಂದು ತೋರಿಸಿದಾಗ, ನನ್ನ ಮಾರಿ ನೋಡಿ ಇಲ್ಲ ಅಂದ್ರಿ."

ನಿಂಗರಾಜ ತಲೆ ತಗ್ಗಿಸಿದ. "ಎರಡು ವರ್ಷ ಎಲ್ಲಾರೂ ನನ್ನ ಕೇಳಾಕ ಬರತಿದ್ರು. ಈಗ ಯಾರೂ ಬರಾಂಗಿಲ್ಲ. ನೀ ಕುಂತಲ್ಲಿಗೆ ಹೋಗ್ತಾರ. ನನಗ ಅದು ನೋಡಾಕ ಆಗಲಿಲ್ಲ. ಬ್ಯಾರೆ ಯಾರರ ಸ್ಕ್ರಿಪ್ಟ್ ಬರದಿದ್ರ ಇಷ್ಟು ಆಗತಿರಲಿಲ್ಲೇನೋ."

"ಬರದಾಕಿ ನಾನು ಅಂತ ಜಾಸ್ತಿ ಆತೇನ್ರಿ?"

"ಹೂಂ."

"ನೀವು ದಿನಾ ನಸುಕಿನ್ಯಾಗ ಎದ್ದು ಓಡತೀರಿ ಅಂತ, ನಿಮ್ಮ ತ್ರಾಸ ಕಡಿಮಿ ಆಗಲಿ ಅಂತ ಬರದೆ ಅಂದ್ರ ನಿಮಗ ಸಮಾಧಾನ ಆಗತೈತಿ. ಆದ್ರ ಅದು ಸುಳ್ಳು. ನನಗ ಬರತೈತಿ ಅಂತ ಅನ್ನಿಸ್ತು, ಅದಕ್ಕ ಬರದೆ. ಓಡಿದಾಗ ಭಾಳ ಸಂತೋಷ ಆತು. ಎಲ್ಲಾರಿಗಿಂತ ಮೊದಲು ನಿಮಗ ತೋರಿಸಬೇಕಂತ ಇದ್ದೆ. ನೀವು ತಿಳಿಯೂದಿಲ್ಲ ಬಿಡು ಅಂದಿದ್ರಿ."

"ತಪ್ಪಾತು."

"ನನ್ನ ಮುಂದ ಅಲ್ಲ. ಶಿವರಾಮ್ ಸರ್ ಮುಂದ ಹೇಳ್ರಿ. ಅವರು ನನ್ನ ಸ್ಕ್ರಿಪ್ಟಿಗೆ ಬೈದಾರ. ಇವತ್ತು ನಾ ಸುಮ್ಮನಿದ್ದೆ. ಇನ್ನೊಮ್ಮಿ ಕೇಳಿದ್ರ ಸುಮ್ಮನಿರಾಂಗಿಲ್ಲ."

ಸೋಮವಾರ ಅವನಿಂದ ಆಗಲಿಲ್ಲ. ಶಿವರಾಮ್ ಕ್ಯಾಬಿನ್ನಿನ ಬಾಗಿಲವರೆಗೆ ಹೋಗಿ ಪ್ರಿಂಟರಿನ ವಿಷಯ ಮಾತಾಡಿ ಬಂದ. ಮನೆಯಲ್ಲಿ ರಾಜಶ್ರೀ ಕೇಳಲಿಲ್ಲ; ಊಟಕ್ಕೆ ಬಡಿಸಿ, ತನ್ನ ತಟ್ಟೆ ಹಿಡಿದು ಬೇರೆ ಕೋಣೆಗೆ ಹೋದಳು. ಬುಧವಾರ ಊಟದ ವೇಳೆಗೆ ಅವನು ಹೋಗಿ, ನಿಂತುಕೊಂಡೇ, ಎಲ್ಲ ಹೇಳಿದ.

ಶಿವರಾಮ್ ಕೂಗಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತ ಕೇಳಿಸಿಕೊಂಡರು. "ಎರಡು ದಿನ ಲೈನ್ ಜಾಮ್. ಕಸ್ಟಮರ್ ಹತ್ರ ಬೈಸ್ಕೊಂಡಿದ್ದು ನಾನು. ಆ ಹೆಣ್ಮಗಳ ಮೇಲೆ ಕೂಗಾಡಿದ್ದೂ ನಾನೇ" ಎಂದರು. "ನಿಮ್ಮನ್ನ ಮನೆಗೆ ಕಳಿಸ್ಬೇಕಿತ್ತು ನಿಂಗರಾಜ್. ನೀವಾಗೇ ಬಂದು ಹೇಳಿದ್ರಿ, ಅದಕ್ಕೆ ಬಿಡ್ತಿದೀನಿ. ಆದ್ರೆ ಪ್ರಾಕ್ಸಿ ಪಾಸ್‌ವರ್ಡ್ ಇವತ್ತೇ ಬದಲಾಗ್ಬೇಕು. ಅದು ಮೇಡಂ ಹತ್ರ ಇರುತ್ತೆ. ನೀವು ಕೇಬಲ್ಲು, ಪ್ರಿಂಟರು, ಲೈನು ನೋಡ್ಕೊಳ್ಳಿ." ಆಮೇಲೆ ಹೊರಗೆ ಬಂದು ಎಲ್ಲರ ಎದುರಿಗೆ ರಾಜಶ್ರೀಗೆ, "ಮೇಡಂ, ನಿಮ್ ಸ್ಕ್ರಿಪ್ಟ್ ಬಗ್ಗೆ ನಾನ್ ಹೇಳಿದ್ದು ತಪ್ಪು" ಎಂದಷ್ಟೇ ಹೇಳಿದರು. ಕಾರಣ ಹೇಳಲಿಲ್ಲ.

ಹೊಸ ಪಾಸ್‌ವರ್ಡ್ ಹಾಕುವಾಗ ನಿಂಗರಾಜ ಮುಖ ಬೇರೆ ಕಡೆ ತಿರುಗಿಸಿ ನಿಲ್ಲಬೇಕಾಯಿತು. ಅವನ ಕುರ್ಚಿಯಲ್ಲಿ ಅವಳು ಕುಳಿತಿದ್ದಳು. ತಪ್ಪೊಪ್ಪಿಕೊಂಡ ಮೇಲೆ ಮನಸ್ಸು ತಿಳಿಯಾಗುತ್ತದೆಂದು ಅವನು ತಿಳಿದಿದ್ದ. ಆದರೆ ಆ ಹೊತ್ತಿಗೆ ಹೊಟ್ಟೆಯೊಳಗಿನ ಉರಿ ಮೊದಲಿಗಿಂತ ಜೋರಾಗಿತ್ತು. ಗಿರಿನಗರದಲ್ಲಿದ್ದ ಇನ್ನೊಂದು ಕಂಪನಿಗೆ ಅರ್ಜಿ ಕೂಡ ಬರೆದ. ಎರಡು ದಿನ ಚೀಲದಲ್ಲಿಟ್ಟುಕೊಂಡು ತಿರುಗಿ, ಹರಿದು ಹಾಕಿದ.

ತಿಂಗಳು ಕಳೆಯಿತು. ಮನೆಯಲ್ಲಿ ಮಾತು ಒಂದೊಂದಾಗಿ ವಾಪಸು ಬಂತು, ಮೊದಲು ತರಕಾರಿಯ ವಿಷಯ, ಆಮೇಲೆ ಊರಿನ ವಿಷಯ. ಏಳನೇ ಫೈಲು ಇಳಿಯುತ್ತಿದ್ದ ದಿನ ಲೈನ್ ಹೋಯಿತು, ಬರಲೇ ಇಲ್ಲ. ರಾಜಶ್ರೀ ಅರ್ಧ ತಾಸು ಪರದೆಯ ಮುಂದೆ ಒದ್ದಾಡಿ, ಗಾಜಿನ ಬಾಗಿಲು ತೆರೆದು, ಶಿವರಾಮ್, ಶ್ವೇತ, ಎಲ್ಲರೂ ನೋಡುತ್ತಿದ್ದಂತೆ ಹೇಳಿದಳು: "ಇದು ನನಗ ಗೊತ್ತಾಗವಲ್ದು. ನಿಂಗರಾಜ್ ಅವರನ್ನ ಕರೀರಿ."

ನಿಂಗರಾಜ ಬಂದು ಮೋಡೆಮ್ಮಿನ ದೀಪಗಳನ್ನು ನೋಡಿದ. ಒಂದು ದೀಪ ಮಿನುಗುವ ಬಗೆಯಿಂದಲೇ ತೊಂದರೆ ಯಂತ್ರದಲ್ಲಲ್ಲ, ಹೊರಗಿನ ತಂತಿಯಲ್ಲಿದೆ ಎಂದು ತಿಳಿಯಿತು. ಮಹಡಿ ಹತ್ತಿ ನೋಡಿದರೆ ತಂತಿ ಜೋಡಿಸಿದ್ದಲ್ಲಿ ತುಕ್ಕು ಹಿಡಿದಿತ್ತು. ಅರ್ಧ ತಾಸಿನಲ್ಲಿ ಸರಿಯಾಯಿತು. ಕೆಳಗಿಳಿದು ಬಂದಾಗ ಸ್ಕ್ರಿಪ್ಟ್ ನಿಂತಲ್ಲಿಂದ ಮತ್ತೆ ಹೊರಟಿತ್ತು. ಅವಳು ತುಂಡುಗಳ ಲೆಕ್ಕ ನೋಡುತ್ತಿದ್ದಳು, ತಲೆ ಎತ್ತಿ, "ಭಾಳ ಲಗೂನ ಆತ್ರಿ" ಎಂದಳು. ಅಷ್ಟು ಜನರೆದುರು ಗೊತ್ತಿಲ್ಲ ಎನ್ನಲು ಅವಳಿಗೆ ಸ್ವಲ್ಪವೂ ಕಷ್ಟವಾಗಲಿಲ್ಲವಲ್ಲ ಎಂದು ನಿಂಗರಾಜನಿಗೆ ಆಶ್ಚರ್ಯವಾಯಿತು. ತಾನು ಆ ಮಾತನ್ನು ಯಾವತ್ತು ಆಡಿದ್ದೆನೆಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಎಂಟನೇ ಫೈಲಿನ ದಿನ ರಾಜಶ್ರೀ ರಜೆಯಲ್ಲಿದ್ದಳು. ಶ್ವೇತ ಗಾಜಿನ ಕೋಣೆಗೆ ಬಂದು ಕೇಳಿದಳು: "ಸಾರ್, ಈ ಸ್ಕ್ರಿಪ್ಟಲ್ಲಿ ತುಂಡಿನ ಸೈಜ್ ಹೇಗ್ ಬದಲಾಯಿಸೋದು?"

ಏನೋ ಒಂದು ಹೇಳಿ ಕಳಿಸಬಹುದಿತ್ತು. ನಿಂಗರಾಜನ ಬಾಯಿಗೆ ಆ ಉತ್ತರ ಬಂದೂ ಇತ್ತು.

"ನನಗ ಗೊತ್ತಿಲ್ಲಮ್ಮ" ಎಂದ. "ಬರದಾಕಿ ನನ್ನ ಹೆಂಡತಿ. ನಾಳೆ ಬರ್ತಾಳ, ಆಕಿನ್ನ ಕೇಳು."

ಶ್ವೇತ ಸರಿ ಸಾರ್ ಎಂದು ಹೋದಳು. ನಿಂಗರಾಜನಿಗೆ ಎದೆಯಲ್ಲಿ ಸಣ್ಣಗೆ ಚುಚ್ಚಿತು. ಹಳೆಯ ಚುಚ್ಚುವಿಕೆಯೇ, ಹೋಗಿರಲಿಲ್ಲ. ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು, ಕೆಟ್ಟಿದೆಯೆಂದು ಬೆಳಿಗ್ಗೆಯೇ ಹೇಳಿದ್ದ ಮೂರನೇ ಸಾಲಿನ ಮೇಜುಗಳ ಪ್ರಿಂಟರಿನ ಕಡೆ ನಡೆದ.